ಡೋನಟ್: ಇಬ್ಬರನ್ನು ಮಾತಿಗೆ ಕೂರಿಸಿ ತಾನು ಎದ್ದುಹೋಗುವ ಸೇವೆ

ನಮ್ಮ ಕಂಪನಿಯವರು ಪರಸ್ಪರ ಸಂದೇಶ ಕಳಿಸಿಕೊಳ್ಳಲು ಬಳಸುವ ಸ್ಲ್ಯಾಕ್‌ನಲ್ಲಿ ಡೋನಟ್ ಕಾಣಿಸಿಕೊಂಡದ್ದು 2020ರ ಜೂನ್ ತಿಂಗಳಲ್ಲಿ. ಜನತಾ ಕರ್ಫ್ಯೂವಿನ ಹಿಂದಿನ ದಿನ ಬೆಂಗಳೂರಿನ ಬಾಡಿಗೆ ಮನೆಗೆ ಬೀಗ ಹಾಕಿ, ಹದಿನೈದು ದಿನಕ್ಕೆ ಸಾಲುವಷ್ಟು ಬಟ್ಟೆ ತುಂಬಿಕೊಂಡು ಚಿಕ್ಕಮಗಳೂರು ಕಡೆಯ ಆಲ್ದೂರಿನ ಆಚೆಗಿರುವ ಊರಿನ ಮನೆಗೆ ಬಂದಿದ್ದ ನಾನು, ಅಷ್ಟು ಹೊತ್ತಿಗೆ ಮೂರು ತಿಂಗಳಿಂದ ಉಪ್ಪರಿಗೆಯ ಕಿಟಕಿಯ ಪಕ್ಕ ಕುಳಿತು ಕೆಲಸ ಮಾಡುತ್ತಿದ್ದೆ. ಕೆಲಸಕ್ಕೇನೂ ಕುಂದು ಬಂದಿರಲಿಲ್ಲ. ದಿನಕ್ಕೆ ನಾಲ್ಕೈದು ಮೀಟಿಂಗುಗಳು ನಡೆಯುತ್ತಿದ್ದವು, ಎಲ್ಲವೂ ಸಮಯಕ್ಕೆ ಸರಿಯಾಗಿ ಮುಗಿಯುತ್ತಿದ್ದವು. ಆದರೆ ಆ ಮೂರು ತಿಂಗಳಲ್ಲಿ ನಾನು ಮಾತನಾಡಿದ್ದು ನನ್ನ ಒಂಬತ್ತು ಜನರ ತಂಡದವರೊಂದಿಗೆ, ಅದೂ ಕೆಲಸದ ವಿಷಯವನ್ನಷ್ಟೇ. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತಾಗ ಹಿಂದಿನವರು "ಇವತ್ತೂ ಬೀನ್ಸ್ ಪಲ್ಯವೇ?" ಎಂದು ಗೊಣಗುತ್ತಾರಲ್ಲ, ಆ ಬಗೆಯ ಮಾತು ಮನೆಯಿಂದ ಕೆಲಸ ಮಾಡುವವನ ಕಿವಿಗೆ ಬೀಳುವುದೇ ಇಲ್ಲ. ಮೀಟಿಂಗ್ ಕರೆಯಲು ವಿಷಯ ಬೇಕು, ಫೋನ್ ಮಾಡಲು ನೆಪ ಬೇಕು. ಡೋನಟ್ ಒದಗಿಸುವುದು ಆ ನೆಪವನ್ನು. ಸುಮಾರು ಎರಡು ವರ್ಷ ಬಳಸಿದ ಮೇಲೆ ಅದರ ಬಗ್ಗೆ ನನಗನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಕೆಲಸ ಮಾಡುವ ರೀತಿ ಬಹಳ ಸರಳ. ಸ್ಲ್ಯಾಕ್‌ನಲ್ಲಿ ಒಂದು ಚಾನೆಲ್ (ಗುಂಪು ಮಾತುಕತೆಯ ಕೋಣೆ) ತೆರೆದು, ಅದಕ್ಕೆ ಡೋನಟ್ ಎಂಬ ಬಾಟ್ ಅನ್ನು, ಅಂದರೆ ತಾನಾಗಿಯೇ ಸಂದೇಶ ಕಳಿಸುವ ತಂತ್ರಾಂಶವನ್ನು, ಸೇರಿಸಿ, ವಾರಕ್ಕೊಮ್ಮೆಯೋ ಎರಡು, ಮೂರು, ನಾಲ್ಕು ವಾರಗಳಿಗೊಮ್ಮೆಯೋ ಎಂದು ನಿಗದಿ ಮಾಡಿದರೆ, ಆ ಚಾನೆಲ್ಲಿಗೆ ಸೇರಿಕೊಂಡವರನ್ನೆಲ್ಲ ಅದು ಸರದಿ ಬಂದಾಗ ಇಬ್ಬಿಬ್ಬರಂತೆ ಜೋಡಿ ಮಾಡಿ, ಅವರಿಬ್ಬರಿಗೆ ಮಾತ್ರ ಕಾಣುವ ಸಂದೇಶವೊಂದನ್ನು ಕಳುಹಿಸಿ ಪರಸ್ಪರ ಪರಿಚಯಿಸುತ್ತದೆ. ಬಿಡುವು ನೋಡಿಕೊಂಡು ಸಮಯ ಗೊತ್ತುಮಾಡಿಕೊಳ್ಳಿ ಎನ್ನುತ್ತದೆ. ಕೆಲವು ದಿನ ಬಿಟ್ಟು, ಭೇಟಿಯಾದಿರಾ ಎಂದು ಒಮ್ಮೆ ವಿಚಾರಿಸುತ್ತದೆ. ಬೇಡವೆನ್ನಿಸಿದವರು ಚಾನೆಲ್ಲಿನಿಂದ ಹೊರಬಂದರಾಯಿತು, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಹಳೆಯ ಕಾಲದ ಮದುವೆ ದಲ್ಲಾಳಿಗಳಿಗೆ ಹೋಲಿಸೋಣವೆಂದರೆ ಅವರು ಊಟ ಮುಗಿಯುವ ತನಕ ಏಳುತ್ತಿರಲಿಲ್ಲ. ಇದು ಹೆಸರು ಹೇಳಿ ಎದ್ದುಹೋಗುತ್ತದೆ. ನನಗೆ ಮೆಚ್ಚುಗೆಯಾದ ಗುಣ ಇದೇ.

ಇದಕ್ಕೂ ಮೊದಲು ಕಂಪನಿ ಬೇರೆ ಪ್ರಯೋಗಗಳನ್ನು ಮಾಡದೆ ಇರಲಿಲ್ಲ. ಮೇ ತಿಂಗಳಲ್ಲಿ, ಇಂತಹ ಕಾರ್ಯಕ್ರಮಗಳನ್ನು ನಡೆಸಿಕೊಡುವ ಸಂಸ್ಥೆಯೊಂದಕ್ಕೆ ಹಣ ಕೊಟ್ಟು, ಶುಕ್ರವಾರ ಸಂಜೆ ಅರವತ್ತು ಜನರನ್ನು ಒಂದೇ ವಿಡಿಯೊ ಕರೆಯಲ್ಲಿ ಕೂರಿಸಿ ತಂಬೋಲ ಆಡಿಸಿದರು. ನಿರೂಪಕರ ಉತ್ಸಾಹ ಅಪಾರವಾಗಿತ್ತು. ಉಳಿದ ಐವತ್ತೊಂಬತ್ತು ಜನ ಮೈಕು ಆರಿಸಿಕೊಂಡು, ಮದುವೆ ಮನೆಯಲ್ಲಿ ಗುರುತಿಲ್ಲದವರ ನಡುವೆ ಸಿಕ್ಕಿಕೊಂಡವರಂತೆ ನಗುತ್ತ ಕುಳಿತಿದ್ದೆವು. ಮೊದಲ ಸಾಲಿನ ಬಹುಮಾನ ನನಗೇ ಬಂತು. ಅದನ್ನು ಯಾರೊಡನೆ ಹೇಳಿಕೊಳ್ಳಬೇಕೆಂದು ತಿಳಿಯದೆ ಕೆಳಗೆ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಸಹೋದ್ಯೋಗಿಗಳನ್ನು ಹತ್ತಿರ ತರಲೆಂದು ಮಾಡಿದ ಕಾರ್ಯಕ್ರಮದ ಫಲ ಇಷ್ಟು.

ಅದೇ ವರ್ಷ ಬಂದ ಗ್ಯಾದರ್ ಎಂಬ ಸೇವೆಯ ಕಲ್ಪನೆ ಇದಕ್ಕಿಂತ ಎಷ್ಟೋ ಮೇಲು. ಹಳೆಯ ವಿಡಿಯೊ ಗೇಮಿನಂತಹ ನಕ್ಷೆಯೊಂದರಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ್ಟ ಬೊಂಬೆ ಇರುತ್ತದೆ. ಕೀಲಿಮಣೆಯ ಬಾಣದ ಗುರುತಿನ ಕೀಲಿಗಳಿಂದ ಅದನ್ನು ನಡೆಸಿಕೊಂಡು ಇನ್ನೊಬ್ಬರ ಹತ್ತಿರ ಹೋದಾಗ ಅವರ ಮುಖ ಕಾಣಿಸಿ ದನಿ ಕೇಳಿಸುತ್ತದೆ, ದೂರ ಸರಿದಂತೆ ದನಿ ಕ್ಷೀಣಿಸುತ್ತದೆ. ಅರವತ್ತು ಜನ ಸೇರಿದರೂ ಹತ್ತು ಗುಂಪುಗಳಾಗಿ ಹರಟಲು ಸಾಧ್ಯವಾಗುವ ಈ ಏರ್ಪಾಡು ಜಾತ್ರೆಯಲ್ಲಿ ಓಡಾಡಿದ ಸುಖವನ್ನು ಸ್ವಲ್ಪ ಮಟ್ಟಿಗೆ ಕೊಡುತ್ತದೆ. ಆದರೆ ಅದಕ್ಕೆ ಆಗ ಕಂಪ್ಯೂಟರಿನ ಮುಂದೆ ಕೂರಬೇಕಿತ್ತು, ಗಟ್ಟಿಯಾದ ಇಂಟರ್‌ನೆಟ್ ಬೇಕು. ನಮ್ಮೂರಿನ ಲೈನಿಗೆ ಅಷ್ಟು ತ್ರಾಣವಿರಲಿಲ್ಲ. ಕಣದ ಅಂಚಿನಲ್ಲಿರುವ ಹಲಸಿನ ಮರದ ಬುಡದಲ್ಲಿ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆಂದು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅಲ್ಲಿಯೇ ಬಿಟ್ಟಿದ್ದೆ. ಆ ಕುರ್ಚಿಯಿಂದ ಗ್ಯಾದರ್‌ನಲ್ಲಿ ನಡೆದಾಡುವುದು ಆಗದ ಮಾತಾಗಿತ್ತು. ಡೋನಟ್ ಜೋಡಿಸಿದವರಿಗೆ ಫೋನ್ ಮಾಡುವುದು ಮಾತ್ರ ಆಗುತ್ತಿತ್ತು.

ಇಲ್ಲಿ ಸಣ್ಣದೊಂದು ಗುಟ್ಟನ್ನು ಹೇಳಬೇಕು. ವಿಡಿಯೊ ಇಲ್ಲದೆ ಮಾತನಾಡಿದ ಜೋಡಿಗಳೇ ನನ್ನ ಪಾಲಿಗೆ ಚೆನ್ನಾಗಿ ಕೂಡಿಬಂದವು. ಇಡೀ ದಿನ ಪರದೆ ನೋಡಿದವರಿಗೆ ಮತ್ತೆ ಅರ್ಧ ಗಂಟೆ ಪರದೆಯ ಮೇಲೆ ಮುಖ ಹೊಂದಿಸಿ ಕೂರುವುದು ಶಿಕ್ಷೆ. ಫೋನಿನಲ್ಲಾದರೆ ತೋಟದ ದಾರಿಯಲ್ಲಿ ನಡೆಯಬಹುದು, ಮಾತು ನಿಂತರೆ ಆ ಮೌನ ಅಷ್ಟು ಚುಚ್ಚುವುದಿಲ್ಲ.

ಆಗಸ್ಟ್ ತಿಂಗಳ ಮೊದಲ ವಾರ, ಆಶ್ಲೇಷ ಮಳೆ ಹಿಡಿದು ಎರಡು ದಿನದಿಂದ ಕರೆಂಟಿಲ್ಲದೆ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದಾಗ, ಡೋನಟ್ ನನ್ನನ್ನು ಲೆಕ್ಕಪತ್ರ ವಿಭಾಗದ ಮಹಿಳೆಯೊಬ್ಬರೊಂದಿಗೆ ಜೋಡಿಸಿತು. ಅವರ ಹೆಸರು ನನಗೆ ನಾಲ್ಕು ವರ್ಷದಿಂದ ಗೊತ್ತು. ನನ್ನ ಪ್ರಯಾಣದ ಬಿಲ್ಲುಗಳನ್ನು "ಮೂಲ ರಸೀದಿ ಲಗತ್ತಿಸಿ" ಎಂಬ ಮೂರೇ ಪದಗಳ ಟಿಪ್ಪಣಿಯೊಂದಿಗೆ ಹಿಂದಕ್ಕೆ ಕಳಿಸುತ್ತಿದ್ದವರು ಅವರೇ. ಒಂದೇ ಕಟ್ಟಡದ ಎರಡು ಮಹಡಿಗಳಲ್ಲಿದ್ದರೂ ಮುಖ ನೋಡಿರಲಿಲ್ಲ. ಸಿಡುಕು ಮೋರೆಯ ಚಿತ್ರವೊಂದನ್ನು ಮನಸ್ಸಿನಲ್ಲಿ ಬರೆದುಕೊಂಡಿದ್ದೆ, ಅಷ್ಟೆ. ಜಗಲಿಯಲ್ಲಿ ನಿಂತು ಫೋನ್ ಮಾಡಿದೆ. ನಮಸ್ಕಾರ ಹೇಳಿ ಮುಗಿಸುವ ಮೊದಲೇ ಅವರು, "ಸರ್, ಹಿಂದೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಕೇಳ್ತಿದೆಯಲ್ಲ, ನೀವು ಬೆಂಗಳೂರಲ್ಲಿಲ್ವಾ?" ಎಂದರು. ಆಲ್ದೂರಿನ ಕಡೆ ಎಂದೆ. "ಅಯ್ಯೋ, ನಾನು ಹಾಸನದಲ್ಲಿದ್ದೀನಿ, ಕೆ.ಆರ್.ಪುರಂ! ನಮ್ಮಲ್ಲೂ ಇದೇ ಕಥೆ, ಆದರೆ ನಿಮ್ಮಷ್ಟಿಲ್ಲ ಬಿಡಿ" ಎಂದು ನಕ್ಕರು. ನಾಲ್ಕು ವರ್ಷದ ಟಿಪ್ಪಣಿಗಳು ಕಟ್ಟಿದ್ದ ಗೋಡೆ ಆ ನಗುವಿಗೆ ಬಿದ್ದುಹೋಯಿತು. ಅರ್ಧ ಗಂಟೆಯೆಂದು ಶುರುವಾದ ಮಾತು ಫೋನಿನ ಚಾರ್ಜು ಮುಗಿಯುವವರೆಗೂ ನಡೆಯಿತು: ಅವರ ಮಗನ ಆನ್‌ಲೈನ್ ತರಗತಿಗೂ ಅವರ ಮೀಟಿಂಗಿಗೂ ಮನೆಯಲ್ಲಿರುವುದು ಒಂದೇ ಮೇಜು, ಹೀಗಾಗಿ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಅವರು ಹೊಲಿಗೆ ಯಂತ್ರದ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬಿಲ್ಲು ಪರಿಶೀಲಿಸುತ್ತಾರೆ ಎಂಬುದು ನನಗೆ ತಿಳಿದದ್ದು ಅಂದೇ.

ನವೆಂಬರಿನಲ್ಲಿ ಅವರೇ ಫೋನ್ ಮಾಡಿದರು, ಡೋನಟ್ ಹೇಳಿರಲಿಲ್ಲ. ಹಾಸನಾಂಬೆಯ ಬಾಗಿಲು ತೆರೆದಿದ್ದರೂ ಆ ವರ್ಷ ದರ್ಶನ ಎಂದಿನಂತಿರಲಿಲ್ಲ, ಪ್ರತಿ ವರ್ಷ ಮನೆ ತುಂಬುತ್ತಿದ್ದ ನೆಂಟರು ಬಂದಿಲ್ಲ, ದೊಡ್ಡ ಪಾತ್ರೆಗಳನ್ನು ಅಟ್ಟದಿಂದ ಇಳಿಸಲೇ ಇಲ್ಲ ಎಂದು ಹೇಳಿಕೊಂಡರು. ಮೊದಲನೆಯ ಅಲೆ ಇಳಿದು ಎರಡನೆಯದು ಇನ್ನೂ ಬಾರದಿದ್ದ 2021ರ ಫೆಬ್ರವರಿಯಲ್ಲಿ ನಾನು ಇತ್ತಣಿಂದ, ಅವರು ಗಂಡ ಮತ್ತು ಮಗನೊಂದಿಗೆ ಅತ್ತಣಿಂದ ಬೇಲೂರಿಗೆ ಬಂದೆವು. ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಮಾಸ್ಕ್ ಗಲ್ಲಕ್ಕಿಳಿಸಿ ಬೈಟು ಕಾಫಿ ಕುಡಿದದ್ದಕ್ಕೆ ಬಿಲ್ಲು ಬಂದಾಗ, ಮೂಲ ರಸೀದಿಯನ್ನು ಅವರ ಕೈಗೇ ಕೊಟ್ಟೆ.

ಇಷ್ಟನ್ನು ಓದಿದವರು ಡೋನಟ್ ಹಾಕಿಸಿದ ಕೂಡಲೇ ಎಲ್ಲರೂ ಆಪ್ತರಾಗುತ್ತಾರೆಂದು ತಿಳಿಯಬಾರದು. ನನಗೆ ಸಿಕ್ಕ ಜೋಡಿಗಳು ನಲವತ್ತರ ಆಸುಪಾಸು. ಅವುಗಳಲ್ಲಿ ಕಾಲು ಭಾಗ ಮಾತಿಗೇ ಬರಲಿಲ್ಲ, "ಈ ವಾರ ಬಹಳ ಕೆಲಸ, ಮುಂದಿನ ವಾರ ನೋಡೋಣ" ಎಂಬಲ್ಲಿಗೆ ನಿಂತವು. ಅರ್ಧದಷ್ಟು ಹವಾಮಾನ, ಮನೆಯವರ ಆರೋಗ್ಯ, ಲಸಿಕೆ ಸಿಕ್ಕಿತೇ ಎಂಬಿಷ್ಟು ಕೇಳಿಕೊಂಡು ಸೌಜನ್ಯದಿಂದ ಮುಗಿದವು. ಉಳಿದವುಗಳಲ್ಲಿ ನಾಲ್ಕೋ ಐದೋ ಗಟ್ಟಿಯಾಗಿ ಉಳಿದವು. ಕಚೇರಿಯಲ್ಲೇ ಇದ್ದಿದ್ದರೂ ಎರಡು ವರ್ಷದಲ್ಲಿ ಬೇರೆ ವಿಭಾಗದ ಐವರು ಸ್ನೇಹಿತರಾಗುತ್ತಿದ್ದರೆಂದು ನನಗೆ ನಂಬಿಕೆಯಿಲ್ಲ, ಆದ್ದರಿಂದ ಈ ಲೆಕ್ಕವನ್ನು ನಾನು ಲಾಭವೆಂದೇ ಬರೆದುಕೊಂಡಿದ್ದೇನೆ.

ಬೇರೆ ವಿಭಾಗದವರು ಎಂದು ಒತ್ತಿ ಹೇಳಲು ಕಾರಣವಿದೆ. ಮೈಕ್ರೋಸಾಫ್ಟ್ ಕಂಪನಿಯು ಅಮೆರಿಕದಲ್ಲಿರುವ ತನ್ನ 61,000ಕ್ಕೂ ಹೆಚ್ಚು ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ಸಂವಹನದ ಮಾಹಿತಿಯನ್ನು ಪರಿಶೀಲಿಸಿ ನಡೆಸಿದ ಅಧ್ಯಯನವೊಂದು 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ ಜನ ತಮ್ಮ ತಮ್ಮ ಗುಂಪಿನೊಳಗೇ ಬಿಗಿಯಾಗಿ, ಬೇರೆ ಗುಂಪುಗಳೊಂದಿಗಿನ ಕೆಲಸಕ್ಕೆ ಕೊಡುವ ಸಮಯದ ಪಾಲು ಹಿಂದಿದ್ದುದಕ್ಕಿಂತ ಸುಮಾರು ಶೇಕಡ 25ರಷ್ಟು ಇಳಿಯಿತೆಂದು ಅದು ಹೇಳಿತು. ನನ್ನ ಒಂಬತ್ತು ಜನರ ತಂಡದಲ್ಲಿ ಆದದ್ದೂ ಇದೇ: ನಾವು ಒಂಬತ್ತು ಜನ ಮೊದಲಿಗಿಂತ ಹೆಚ್ಚು ಮಾತನಾಡುತ್ತಿದ್ದೆವು, ಹತ್ತನೆಯವರೊಂದಿಗೆ ಮಾತು ನಿಂತಿತ್ತು. ಡೋನಟ್ ಕೈಹಾಕುವುದು ಸರಿಯಾಗಿ ಆ ಜಾಗಕ್ಕೆ. ಚಾನೆಲ್ಲನ್ನು ಒಂದೊಂದು ತಂಡಕ್ಕೂ ಬೇರೆ ಬೇರೆಯಾಗಿ ಮಾಡಿಕೊಂಡ ಕಂಪನಿಗಳನ್ನು ಕೇಳಿಬಲ್ಲೆ. ಹಾಗೆ ಮಾಡಿದರೆ ದಿನವೂ ನೋಡುವ ಮುಖವನ್ನೇ ಮತ್ತೆ ನೋಡಿದಂತಾಗುತ್ತದೆ, ಇಡೀ ಕಂಪನಿಗೆ ಒಂದೇ ಚಾನೆಲ್ ಇರಲಿ.

ದೂರಬೇಕಾದ ಸಂಗತಿ ಒಂದಿದೆ, ಅದರ ಹೊಣೆ ಸೇವೆಯದಲ್ಲ, ನಮ್ಮ ಕಡೆಯವರದು. ಆರಂಭದಲ್ಲಿ ಉತ್ಸಾಹದಿಂದ ವಾರಕ್ಕೊಮ್ಮೆ ಎಂದು ನಿಗದಿ ಮಾಡಿದ್ದರು. ಆರನೆಯ ವಾರದ ಹೊತ್ತಿಗೆ ಡೋನಟ್ ಸಂದೇಶ ಬಂದರೆ ಕಂತಿನ ನೋಟಿಸು ಬಂದಂತಾಗುತ್ತಿತ್ತು. ಅಷ್ಟು ಸಾಲದೆಂಬಂತೆ, ಅಕ್ಟೋಬರಿನಲ್ಲಿ ಯಾವ ತಂಡದಲ್ಲಿ ಎಷ್ಟು ಭೇಟಿಗಳು ನಡೆದವೆಂಬ ಪಟ್ಟಿಯನ್ನು ತಿಂಗಳ ಸಭೆಯಲ್ಲಿ ತೋರಿಸತೊಡಗಿದರು. ಪಟ್ಟಿ ಬಂದ ಮೇಲೆ ಆಗುವುದು ಆಯಿತು. ಭೇಟಿಯಾದಿರಾ ಎಂದು ಕೇಳಿದರೆ ಭೇಟಿಯಾಗದೆಯೇ ಹೌದೆಂದು ಒತ್ತುವುದು ರೂಢಿಯಾಯಿತು. ನಾನೂ ಒಮ್ಮೆ ಒತ್ತಿದ್ದೇನೆ. ಜೋಡಿಯಾಗಿದ್ದವರೇ "ಸುಮ್ಮನೆ ಹೌದು ಅಂದುಬಿಡಿ, ನಿಮ್ಮ ತಂಡದ್ದೂ ಏರುತ್ತೆ, ನಮ್ಮದೂ ಏರುತ್ತೆ" ಎಂದು ಬರೆದಿದ್ದರು. ಯಾರೋ ಧೈರ್ಯ ಮಾಡಿ ಸಭೆಯಲ್ಲೇ ಇದನ್ನು ಎತ್ತಿದ ಮೇಲೆ ಪಟ್ಟಿ ನಿಂತಿತು, ಸರದಿ ಮೂರು ವಾರಕ್ಕೊಮ್ಮೆ ಆಯಿತು. ಆಗ ಭೇಟಿಗಳ ಸಂಖ್ಯೆ ಕಡಿಮೆಯಾಗಿ ಮಾತು ಹೆಚ್ಚಾಯಿತು. ಹಾಕಿಸಿಕೊಳ್ಳುವವರಿಗೆ ನನ್ನ ಒಂದೇ ಬಿನ್ನಹ: ಮೂರು ವಾರಕ್ಕಿಂತ ಕಡಿಮೆ ಮಾಡಬೇಡಿ, ಎಣಿಸಬೇಡಿ, ಮಾತಿನ ಅರ್ಧ ಗಂಟೆಯನ್ನು ಕೆಲಸದ ವೇಳೆಯೊಳಗೇ ಕೊಡಿ.

ಭಾಷೆಯ ವಿಷಯಕ್ಕೆ ಬಂದರೆ, ನಮ್ಮಲ್ಲಿ ಬಾಟಿನ ಮಾತೆಲ್ಲ ಇಂಗ್ಲಿಷಿನಲ್ಲಿತ್ತು. ಮಾತು ಆರಂಭಿಸಲೆಂದು ಅದು ಕೊಡುವ ಪ್ರಶ್ನೆಗಳು ಸಂಕೋಚದ ಸ್ವಭಾವದವರಿಗೆ ಉಪಯುಕ್ತವಿರಬಹುದು. ನಮ್ಮವರಿಗೆ ಅವುಗಳ ಅಗತ್ಯ ಬೀಳಲಿಲ್ಲ. "ತಿಂಡಿ ಆಯ್ತಾ?", "ಯಾವ ಕಡೆಯವರು ನೀವು?" ಎಂಬ ಎರಡು ಪ್ರಶ್ನೆಗಳಲ್ಲಿ ಯಾವುದರಿಂದ ಶುರು ಮಾಡಿದರೂ ಹತ್ತು ನಿಮಿಷ ಹೋಗುವುದು ತಿಳಿಯುತ್ತಿರಲಿಲ್ಲ. ಖರ್ಚಿನ ಬಗ್ಗೆ ಹೇಳುವುದಾದರೆ, ಸಣ್ಣ ಗುಂಪಿಗೆ ಉಚಿತವಾಗಿ ಸಿಗುತ್ತಿತ್ತು, ದೊಡ್ಡ ಗುಂಪಿಗೆ ಹಣ ಕೊಡಬೇಕಿತ್ತು. ಕಂಪನಿಯಲ್ಲಿ ಸ್ಲ್ಯಾಕ್ ಇಲ್ಲದವರು ಇದಕ್ಕಾಗಿ ಅದನ್ನು ತರಿಸುವ ಅಗತ್ಯವಿಲ್ಲ. ಹೆಸರುಗಳ ಚೀಟಿ ಮಾಡಿ ಡಬ್ಬಿಯಲ್ಲಿ ಕುಲುಕಿ ತಿಂಗಳಿಗೊಮ್ಮೆ ಇಬ್ಬಿಬ್ಬರಂತೆ ಎತ್ತಿದರೂ ಕೆಲಸ ನಡೆಯುತ್ತದೆ, ಚೀಟಿ ಎತ್ತುವವರು ಮೇಲಧಿಕಾರಿ ಆಗಿರದಿದ್ದರೆ ಸಾಕು.

ಹೆಚ್ಚು ಉಪಕಾರವಾದದ್ದು ಸಾಂಕ್ರಾಮಿಕದ ನಡುವೆ ಕೆಲಸಕ್ಕೆ ಸೇರಿದವರಿಗೆ. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಲಾಕ್‌ಡೌನಿನಲ್ಲಿ, ಲ್ಯಾಪ್‌ಟಾಪನ್ನು ಕೊರಿಯರಿನಲ್ಲಿ ಪಡೆದು ಸೇರಿದ ಹುಡುಗನೊಬ್ಬ ಜುಲೈಯಲ್ಲಿ ನನ್ನ ಜೋಡಿಯಾಗಿ ಬಂದ. ಮೊದಲ ಹತ್ತು ನಿಮಿಷ ನನ್ನನ್ನು ಸಂದರ್ಶನ ಮಾಡುವವನೆಂದೇ ತಿಳಿದು "ಸರ್, ಸರ್" ಎನ್ನುತ್ತ ತಾನು ಮಾಡಿದ ಕೆಲಸದ ವರದಿ ಒಪ್ಪಿಸಿದ. ತಡೆದು, ನಾನು ನಿನ್ನ ವಿಭಾಗದವನೇ ಅಲ್ಲ ಮಾರಾಯ, ಎಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ದಿನದಿಂದ ಯಾರನ್ನಾದರೂ ಕೇಳಬೇಕೆಂದುಕೊಂಡಿದ್ದನ್ನು ಕೇಳಿದ: "ಸರ್, ನಮ್ಮ ಆಫೀಸು ನೋಡೋಕೆ ಹೇಗಿದೆ?" ಗೇಟಿನ ಪಕ್ಕದ ಹೊಂಗೆ ಮರದಿಂದ ಹಿಡಿದು ಮೂರನೆಯ ಮಹಡಿಯಲ್ಲಿ ಯಾವ ಲಿಫ್ಟಿನ ಗುಂಡಿ ಎರಡು ಸಲ ಒತ್ತಬೇಕೆಂಬವರೆಗೆ ಹೇಳಿದೆ. 2022ರಲ್ಲಿ ಕಚೇರಿ ತೆರೆದು ಅವನು ಮೊದಲ ಸಲ ಹೋದ ದಿನ, ಆ ಗುಂಡಿ ಈಗ ರಿಪೇರಿಯಾಗಿದೆ ಎಂದು ಸ್ಲ್ಯಾಕ್‌ನಲ್ಲಿ ಸಂದೇಶ ಕಳಿಸಿದ.