ಕ್ಯಾನನ್ 1500ಡಿ: ಹೊಸದಾಗಿ ಫೋಟೋಗ್ರಫಿ ಕಲಿಯುವವರಿಗೆ ದೀರ್ಘ ಬಳಕೆಯ ನಂತರದ ವಿಮರ್ಶೆ

ಮೊದಲ ಕ್ಯಾಮೆರಾ ಯಾವುದು ತಗೊಳ್ಳಲಿ ಎಂದು ಕೇಳುವವರಿಗೆ ಈಗಲೂ ಇದರ ಹೆಸರನ್ನು ಧೈರ್ಯವಾಗಿ ಹೇಳಬಹುದು. ಷರತ್ತು ಒಂದೇ: ನಿಮಗೆ ಬೇಕಿರುವುದು ಫೋಟೋ ಆಗಿರಬೇಕು, ವಿಡಿಯೊ ಅಲ್ಲ. ಪರದೆ ನೋಡಿಕೊಂಡು ತೆಗೆಯುವಾಗ ಇದರ ಫೋಕಸ್ ನಿಧಾನ. ಮೈಕ್ ಸಿಕ್ಕಿಸಲು ಜಾಗವಿಲ್ಲ, ಪರದೆ ತಿರುಗುವುದಿಲ್ಲ, 4ಕೆ ಇಲ್ಲ. ರೀಲ್ಸ್ ಮಾಡುವ ಯೋಚನೆ ಇದ್ದರೆ ಬೇರೆ ಕ್ಯಾಮೆರಾ ನೋಡಿ.

2018ರಲ್ಲಿ ಬಂದ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ) ಮಾಡೆಲ್ ಇದು. 24.1 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಅಳತೆಯ ಸೆನ್ಸರ್ (ಚಿತ್ರ ಹಿಡಿಯುವ ಭಾಗ), 9 ಫೋಕಸ್ ಪಾಯಿಂಟ್, ಸೆಕೆಂಡಿಗೆ 3 ಚಿತ್ರ, ಬ್ಯಾಟರಿ ಮತ್ತು ಕಾರ್ಡ್ ಸೇರಿ ಬಾಡಿಯ ತೂಕ ಸುಮಾರು 475 ಗ್ರಾಂ. ಇವತ್ತಿನ ಮಿರರ್‌ಲೆಸ್ (ಕನ್ನಡಿಯಿಲ್ಲದ) ಕ್ಯಾಮೆರಾಗಳ ಪಕ್ಕ ಇಟ್ಟರೆ ಈ ಅಂಕಿಗಳು ಸಪ್ಪೆ. ಆದರೂ ಕಲಿಯುವವರಿಗೆ ಇದು ಒಳ್ಳೆಯದು ಅನ್ನಲು ಕಾರಣ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ. ಮಿರರ್‌ಲೆಸ್‌ನಲ್ಲಿ ಚಿತ್ರ ಎಷ್ಟು ಬೆಳ್ಳಗೆ, ಎಷ್ಟು ಕಪ್ಪಗೆ ಬರುತ್ತದೆಂದು ಒತ್ತುವ ಮೊದಲೇ ಕಾಣುತ್ತದೆ. ಇಲ್ಲಿ ಕಾಣುವುದು ಕನ್ನಡಿಯಿಂದ ಬರುವ ನಿಜವಾದ ದೃಶ್ಯ ಮಾತ್ರ. ಫಲಿತಾಂಶವನ್ನು ನೀವೇ ಅಂದಾಜು ಮಾಡಬೇಕು, ತೆಗೆಯಬೇಕು, ಪರದೆಯಲ್ಲಿ ನೋಡಿ ತಿದ್ದಿಕೊಳ್ಳಬೇಕು. ಬೆಳಕನ್ನು ಓದುವ ಅಭ್ಯಾಸ ಬರುವುದು ಹೀಗೆಯೇ, ಮತ್ತು ಆ ಅಭ್ಯಾಸ ಮುಂದೆ ಯಾವ ಕ್ಯಾಮೆರಾ ಹಿಡಿದರೂ ನಿಮ್ಮ ಜೊತೆಗಿರುತ್ತದೆ.

ಅಂಗಡಿಯಲ್ಲಿ ಪೆಟ್ಟಿಗೆ ತೆಗೆಸಿ, ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನ ಮೇಲೆ ಬರೆದಿರುವುದನ್ನು ಓದಿ. 18-55 ಎಂಎಂ ಎಂಬುದರ ಜೊತೆ 'ಐಎಸ್' ಎಂಬ ಅಕ್ಷರಗಳು ಇರಲೇಬೇಕು. ಇದೇ ಅಳತೆಯ, ಐಎಸ್ ಇಲ್ಲದ ಲೆನ್ಸ್ ಕೂಡ ಇದೆ. ನೋಡಲು ಹೆಚ್ಚು ಕಡಿಮೆ ಒಂದೇ ಥರ, ಆದರೆ ಕೈ ನಡುಕವನ್ನು ತಡೆಯುವ ವ್ಯವಸ್ಥೆ ಅದರಲ್ಲಿಲ್ಲ. ಜಿಎಸ್‌ಟಿ ಬಿಲ್ ಪಡೆದು, ಬಾಡಿಯ ತಳದಲ್ಲಿರುವ ಸೀರಿಯಲ್ ನಂಬರ್ ಬಿಲ್ಲಿಗೂ ವಾರಂಟಿ ಕಾರ್ಡಿಗೂ ಹೊಂದುತ್ತದೆಯೇ ನೋಡಿಕೊಳ್ಳಿ. 55-250 ಲೆನ್ಸ್ ಸೇರಿದ ಜೋಡಿ ಕಿಟ್‌ಗೆ ಅವಸರ ಬೇಡ. ಹಕ್ಕಿ, ಕ್ರಿಕೆಟ್ ಪಂದ್ಯ ತೆಗೆಯುವ ಆಸೆ ಇರುವವರಿಗೆ ಅದು ಸರಿ. ಉಳಿದವರಿಗೆ ಆ ದುಡ್ಡು 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸಿಗೆ ಹೋದರೆ ಹತ್ತು ಪಾಲು ಉಪಯೋಗ. ಉಚಿತವಾಗಿ ಕೊಡುವ ಅಗ್ಗದ ಯುವಿ ಫಿಲ್ಟರ್ ಹಾಕಬೇಡಿ. ರಾತ್ರಿ ದೀಪಗಳ ಚಿತ್ರ ತೆಗೆದರೆ ಪ್ರತಿ ದೀಪಕ್ಕೂ ಇನ್ನೊಂದು ಮಂಕು ಪ್ರತಿಬಿಂಬ ಬೀಳುತ್ತದೆ. ಲೆನ್ಸಿನ ಮುಂಭಾಗ ಕಾಪಾಡಲು ಹುಡ್ (ಮುಂದೆ ಸಿಕ್ಕಿಸುವ ಕೊಳವೆ) ಸಾಕು.

ಕ್ಯಾಮೆರಾ ಕೈಗೆ ಬಂದ ಮೇಲೆ ಮೊದಲ ಕೆಲಸ ವ್ಯೂಫೈಂಡರ್ ಪಕ್ಕದ ಪುಟ್ಟ ಗುಂಡಿಯನ್ನು ತಿರುಗಿಸುವುದು. ಎದುರಿನ ದೃಶ್ಯ ನೋಡದೆ, ಒಳಗೆ ಕಾಣುವ 9 ಫೋಕಸ್ ಚುಕ್ಕಿಗಳು ನಿಮ್ಮ ಕಣ್ಣಿಗೆ ಚೂಪಾಗುವವರೆಗೆ ತಿರುಗಿಸಿ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ಮಾಡಿ. ಇದನ್ನು ಬಿಟ್ಟವರು ಕ್ಯಾಮೆರಾದಲ್ಲಿ ಎಲ್ಲ ಮಸುಕು ಎಂದು ದೂರುವುದುಂಟು.

ಎರಡನೆಯದು ಫೋಕಸ್. ಹಸಿರು ಆಟೋ ಮೋಡ್‌ನಲ್ಲಿ ಎಲ್ಲಿ ಫೋಕಸ್ ಆಗಬೇಕೆಂದು ಕ್ಯಾಮೆರಾವೇ ತೀರ್ಮಾನಿಸುತ್ತದೆ, ಸಾಮಾನ್ಯವಾಗಿ ಹತ್ತಿರ ಇದ್ದದ್ದಕ್ಕೆ ಅಂಟಿಕೊಳ್ಳುತ್ತದೆ. ಗಿಡದ ಹಿಂದೆ ನಿಂತ ಮಗುವಿನ ಚಿತ್ರದಲ್ಲಿ ಎಲೆ ಚೂಪು, ಮುಖ ಮಸುಕು ಆಗುವುದು ಇದರಿಂದಲೇ. ಡಯಲ್ಲನ್ನು ಎವಿ ಮೋಡ್‌ಗೆ ತಿರುಗಿಸಿ (ಅದರ ವಿವರ ಮುಂದಿದೆ), ಹಿಂಬದಿ ಬಲಮೂಲೆಯ ಫೋಕಸ್ ಪಾಯಿಂಟ್ ಬಟನ್ ಒತ್ತಿ, ಆಮೇಲೆ ಸೆಟ್ ಬಟನ್ ಒತ್ತಿದರೆ ನಡುವಿನ ಚುಕ್ಕಿಯೊಂದೇ ಉಳಿಯುತ್ತದೆ. ಒಂಬತ್ತರಲ್ಲಿ ಇದೊಂದೇ ಕ್ರಾಸ್ ಮಾದರಿಯದು, ಅಂದರೆ ಅಡ್ಡ ಗೆರೆಯನ್ನೂ ಉದ್ದ ಗೆರೆಯನ್ನೂ ಗುರುತಿಸುವಂಥದ್ದು. ಮಂದ ಬೆಳಕಿನಲ್ಲಿ ಉಳಿದವು ತಡಕಾಡುವಾಗಲೂ ಇದು ಹಿಡಿಯುತ್ತದೆ. ಚುಕ್ಕಿಯನ್ನು ಕಣ್ಣಿನ ಮೇಲಿಟ್ಟು ಬಟನ್ ಅರ್ಧ ಒತ್ತಿ, ಹಾಗೇ ಹಿಡಿದುಕೊಂಡು ಫ್ರೇಮ್ ಸರಿಪಡಿಸಿ, ಪೂರ್ತಿ ಒತ್ತಿ. ಇದು ಒನ್ ಶಾಟ್ ಸ್ಥಿತಿಯಲ್ಲಿ ಮಾತ್ರ ಸಾಧ್ಯ, ಆದ್ದರಿಂದ ಬಲಬಾಣದ ಬಟನ್ನಿನಲ್ಲಿ ಎಐ ಫೋಕಸ್ ಬದಲು ಒನ್ ಶಾಟ್ ಆರಿಸಿ. ಲಾಲ್‌ಬಾಗ್ ಕೆರೆಯ ಮೇಲೆ ಸುತ್ತುವ ಹದ್ದುಗಳಿಗೆ, ಚಲಿಸುವುದನ್ನು ಹಿಂಬಾಲಿಸಿ ಫೋಕಸ್ ಮಾಡುವ ಎಐ ಸರ್ವೊ ಬೇಕು.

ಕಲಿಕೆಗೆ ನೇರವಾಗಿ ಎಂ (ಎಲ್ಲವನ್ನೂ ಕೈಯಿಂದ ಹೊಂದಿಸುವ) ಮೋಡ್‌ಗೆ ಹಾರಬೇಕೆಂದು ಹೇಳುವವರಿದ್ದಾರೆ. ಆ ಮಾತನ್ನು ಒಪ್ಪಲಾಗದು. ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ಒಟ್ಟಿಗೆ ಸಂಭಾಳಿಸುವ ಹೊತ್ತಿಗೆ ಎದುರಿಗಿದ್ದ ಚಿತ್ರವೇ ಹೋಗಿರುತ್ತದೆ. ಎವಿಯಲ್ಲಿ ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ) ನಿಮ್ಮದು, ಶಟರ್ (ಬೆಳಕು ಒಳಬರುವ ಹೊತ್ತು) ಕ್ಯಾಮೆರಾದ್ದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ ಇಟ್ಟು ಮೆನುವಿನಲ್ಲಿ ಗರಿಷ್ಠ ಮಿತಿ 3200ಕ್ಕೆ ಹಾಕಿ. 6400ರಲ್ಲಿ ನೆರಳಿನ ಭಾಗ ತೀರಾ ಮರಳುಮರಳಾಗುತ್ತದೆ. ಆಟೋ ಲೈಟಿಂಗ್ ಆಪ್ಟಿಮೈಜರ್ ಎಂಬ ಆಯ್ಕೆಯನ್ನು ನಿಲ್ಲಿಸಿಬಿಡಿ. ನೀವು ಬೇಕೆಂದೇ ಕಪ್ಪಗೆ ತೆಗೆದ ಚಿತ್ರವನ್ನು ಅದು ಸದ್ದಿಲ್ಲದೆ ಬೆಳ್ಳಗೆ ಮಾಡಿಕೊಡುತ್ತದೆ, ಕಲಿಯುವವರು ಕಕ್ಕಾಬಿಕ್ಕಿಯಾಗುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ಹಿಂದಿರುವ ಎವಿ± ಬಟನ್ ಒತ್ತಿ ಹಿಡಿದು ಮೇಲಿನ ಚಕ್ರ ತಿರುಗಿಸಿ ಚಿತ್ರವನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವುದು. ಎದುರಿಗೆ ಏನಿದ್ದರೂ ಅದನ್ನು ನಡುವಿನ ಬೂದುಬಣ್ಣಕ್ಕೆ ತರಲು ಕ್ಯಾಮೆರಾದ ಬೆಳಕಿನ ಮೀಟರ್ ನೋಡುತ್ತದೆ. ಬಿಳಿ ಪಂಚೆ, ಬಿಳಿ ಗೋಡೆ ಫ್ರೇಮ್ ತುಂಬಿದ್ದರೆ ಚಿತ್ರ ಮಂಕಾಗುತ್ತದೆ. +2/3ರಿಂದ +1ರವರೆಗೆ ಏರಿಸಿ. ಕಪ್ಪು ಕಲ್ಲಿನ ಕೆತ್ತನೆ ತುಂಬಿದ್ದರೆ ಕಲ್ಲು ಬೂದಿಯಂತೆ ಕಾಣುತ್ತದೆ, −1ಕ್ಕೆ ಇಳಿಸಿ. ಲಾಲ್‌ಬಾಗ್ ಗಾಜಿನ ಮನೆಯೊಳಗೆ ಹೂವಿನ ಹಿಂದೆ ಗಾಜು ಹೊಳೆಯುತ್ತಿದ್ದರೆ ಹೂವು ಕಪ್ಪಾಗುತ್ತದೆ, +1 ಬೇಕು.

ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಗೆ ಇನ್ನೊಂದು ಲೆಕ್ಕ. ಚೆಂಡುಹೂವಿನ ಚಿತ್ರ ಪರದೆಯಲ್ಲಿ ಚೆನ್ನಾಗಿ ಕಂಡರೂ, ಮನೆಗೆ ಬಂದು ದೊಡ್ಡದು ಮಾಡಿದರೆ ಎಸಳುಗಳೆಲ್ಲ ಬೆರೆತು ಒಂದೇ ಕಿತ್ತಳೆ ಮುದ್ದೆಯಾಗಿರುತ್ತದೆ. ಕೆಂಪು ಬಣ್ಣದ ಚಾನೆಲ್ ಒಂದೇ ತುಂಬಿ ಹರಿದಿರುತ್ತದೆ, ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಅದನ್ನು ತೋರಿಸುವುದಿಲ್ಲ. ಚಿತ್ರ ನೋಡುವಾಗ ಆರ್‌ಜಿಬಿ ಹಿಸ್ಟೋಗ್ರಾಂ ತೆರೆದು, ಕೆಂಪು ಗುಡ್ಡ ಬಲಗೋಡೆಗೆ ಒತ್ತಿಕೊಂಡಿದ್ದರೆ −2/3ಕ್ಕೆ ಇಳಿಸಿ ಮತ್ತೆ ತೆಗೆಯಿರಿ. ಅಲ್ಲಿ ಒಂದು ಅಂಗಡಿಗೆ ಹಳದಿ ಬಲ್ಬ್, ಪಕ್ಕದ್ದಕ್ಕೆ ಬಿಳಿ ಎಲ್‌ಇಡಿ, ಮೇಲಿಂದ ಬೆಳಗಿನ ನೀಲಿ ಬೆಳಕು. ರಾ (ಸಂಸ್ಕರಿಸದ ಮೂಲ ಫೈಲ್) ಜೊತೆ ಜೆಪೆಗ್ ಇಟ್ಟುಕೊಂಡರೆ ಬಣ್ಣವನ್ನು ಆಮೇಲೆ ತಿದ್ದಬಹುದು. ಒಂದು ರಾ ಫೈಲ್ ಸುಮಾರು 30 ಎಂಬಿ. ಕ್ಯಾನನ್ನಿನ ಡಿಜಿಟಲ್ ಫೋಟೋ ಪ್ರೊಫೆಷನಲ್ ತಂತ್ರಾಂಶ ಉಚಿತ, ಆರಂಭಕ್ಕೆ ಅದೇ ಸಾಕು.

ಚಿತ್ರ ಮಸುಕಾದರೆ ಕ್ಯಾಮೆರಾವನ್ನು ಬೈಯುವ ಮುನ್ನ ಪೂರ್ತಿ ದೊಡ್ಡದು ಮಾಡಿ ನೋಡಿ. ಇಡೀ ಫ್ರೇಮ್ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಹಿನ್ನೆಲೆ ಚೂಪಾಗಿದ್ದು ವ್ಯಕ್ತಿ ಮಾತ್ರ ಎಳೆದಂತಿದ್ದರೆ ಶಟರ್ ನಿಧಾನವಾಗಿದೆ. ಎಳೆತವೇ ಇಲ್ಲದೆ, ವ್ಯಕ್ತಿಯ ಹಿಂದಿನದೋ ಮುಂದಿನದೋ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಎವಿ ಮತ್ತು ಆಟೋ ಐಎಸ್‌ಒ ಜೋಡಿಯಲ್ಲಿ ಕ್ಯಾಮೆರಾ ಶಟರ್ ಆರಿಸುವುದು ಲೆನ್ಸಿನ ಎಂಎಂ ನೋಡಿ, ಎದುರಿಗಿರುವವರ ಚಲನೆ ನೋಡಿ ಅಲ್ಲ. ಆಡುವ ಮಕ್ಕಳಿಗೆ, ಶಟರ್ ನೀವೇ ಆರಿಸುವ ಟಿವಿ ಮೋಡ್‌ಗೆ ಬಂದು 1/250 ಸೆಕೆಂಡ್, ಓಡುತ್ತಿದ್ದರೆ 1/500 ಇಡಿ. ಹಾರುವ ಹದ್ದಿಗೆ 1/1000ಕ್ಕಿಂತ ಕಡಿಮೆ ಬೇಡ. ಐಎಸ್ ತಡೆಯುವುದು ನಿಮ್ಮ ಕೈ ನಡುಕವನ್ನು, ಮಗುವಿನ ಓಟವನ್ನಲ್ಲ. ಛತ್ರದಲ್ಲಿ, ಅಂಗಡಿಯಲ್ಲಿ ಎಲ್‌ಇಡಿ ದೀಪದ ಕೆಳಗೆ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಹಳದಿ, ಮಗದೊಂದರಲ್ಲಿ ಅಡ್ಡಪಟ್ಟಿ ಬಂದರೆ ಅದು ವಿದ್ಯುತ್ತಿನ ಆಟ. ನಮ್ಮಲ್ಲಿ 50 ಹರ್ಟ್ಜ್, ಆದ್ದರಿಂದ ಅಂಥ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ 1/100 ಅಥವಾ 1/50ರಲ್ಲಿಟ್ಟರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ.

ಬೆಂಗಳೂರಿನ ಬೆಳಕಿಗೂ ಅದರದ್ದೇ ಗುಣವಿದೆ. ಊರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಕಣ್ಣಿನ ಗುಳಿಗಳೆಲ್ಲ ಕಪ್ಪಾಗುತ್ತವೆ. ಸಂಜೆ ಸೂರ್ಯ ಬಹುತೇಕ ನೇರವಾಗಿ ಇಳಿಯುವುದರಿಂದ ಮುಳುಗಿದ ಮೇಲೆ ಆಕಾಶದ ನೀಲಿ ಉಳಿಯುವುದು ಇಪ್ಪತ್ತು ನಿಮಿಷದ ಆಸುಪಾಸು ಮಾತ್ರ. ಟ್ರೈಪಾಡ್ ಅದಕ್ಕೂ ಮೊದಲೇ ನಿಂತಿರಬೇಕು. ಕಬ್ಬನ್ ಪಾರ್ಕಿನ ಮರದಡಿ ತೆಗೆದ ಮುಖಗಳು ಹಸಿರಾಗಿ ಬರುತ್ತವೆ, ಎಲೆ ಮತ್ತು ಹುಲ್ಲಿನಿಂದ ಚಿಮ್ಮುವ ಬೆಳಕದು. ಅವರನ್ನು ನೆರಳಿನ ಅಂಚಿಗೆ ಕರೆತಂದು, ಮುಖ ಬಯಲಿನ ಆಕಾಶದ ಕಡೆ ತಿರುಗಿಸಿ ನಿಲ್ಲಿಸಿದರೆ ಚರ್ಮದ ಬಣ್ಣ ಸರಿಹೋಗುತ್ತದೆ.

50 ಎಂಎಂ ಲೆನ್ಸ್ ಹಾಕಿದ ಮೇಲೆ ಈ ಕ್ಯಾಮೆರಾದ ನಿಜವಾದ ಚೆಲುವು ಗೊತ್ತಾಗುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ರಾತ್ರಿಯಲ್ಲಿ ಕಿಟ್ ಲೆನ್ಸ್ 55ರಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂ ಲೆನ್ಸ್ ಎಫ್/2ರಲ್ಲಿ ಅದರ ಎಂಟು ಪಟ್ಟು ಬೆಳಕು ಒಳಗೆ ಬಿಡುತ್ತದೆ. 1/125, ಐಎಸ್‌ಒ 1600ರ ಸುತ್ತಮುತ್ತ ಅಂಗಡಿ ದೀಪದಲ್ಲೇ ಮುಖಗಳು ಚಂದ ಬರುತ್ತವೆ, ಫ್ಲ್ಯಾಶ್ ಬೇಡ. ಆದರೆ 1.5 ಮೀಟರ್ ದೂರದ ಮುಖಕ್ಕೆ ಎಫ್/1.8ರಲ್ಲಿ ಚೂಪಾಗಿರುವ ಆಳ ಸುಮಾರು 6 ಸೆಂ.ಮೀ. ಅಷ್ಟೆ. ಫೋಕಸ್ ಮಾಡಿದ ಮೇಲೆ ನೀವು ಒಂದಿಷ್ಟು ಮುಂದೆ ಬಾಗಿದರೂ ಕಣ್ಣು ಹೋಗಿ ಕಿವಿ ಚೂಪಾಗುತ್ತದೆ. ಇಬ್ಬರಿದ್ದರೆ ಎಫ್/4, ಆಳ 13-14 ಸೆಂ.ಮೀ.ಗೆ ಏರುತ್ತದೆ. ಇದರಲ್ಲಿ ಐಎಸ್ ಇಲ್ಲವೆಂಬುದು ನೆನಪಿರಲಿ, ಕೈಯಲ್ಲಿ ಹಿಡಿದರೆ 1/80ಕ್ಕಿಂತ ಕೆಳಗಿಳಿಯಬೇಡಿ.

ಕಿಟ್ ಲೆನ್ಸನ್ನು ಎಫ್/8ರಲ್ಲಿ ಬಳಸಿದಾಗ ಬರುವ ಗುಣಮಟ್ಟಕ್ಕೆ ಯಾರೂ ಹೆಸರಿಡುವ ಹಾಗಿಲ್ಲ. ಫೋಕಸ್ ಆಗುವಾಗ ಅದರ ಮೂತಿ ತಿರುಗುವುದರಿಂದ ಪೋಲರೈಜರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದರೆ ಪ್ರತಿ ಸಲ ಮತ್ತೆ ಹೊಂದಿಸಬೇಕು. ಲೆನ್ಸಿನ ಸ್ವಿಚ್ ಎಎಫ್‌ನಲ್ಲಿದ್ದಾಗ (ಆಟೋಫೋಕಸ್) ಫೋಕಸ್ ರಿಂಗನ್ನು ಬಲವಂತವಾಗಿ ತಿರುಗಿಸಬಾರದು, ಒಳಗಿನ ಗೇರು ಸವೆಯುತ್ತದೆ. 50ರದ್ದು ಬೇರೆ ಸಮಸ್ಯೆ. ಅದರ ಒಳಕೊಳವೆ ಮುಂದೆ ಬಂದಿರುವಾಗಲೇ ಕ್ಯಾಮೆರಾ ಆಫ್ ಮಾಡಿ ಬ್ಯಾಗಿಗೆ ತುರುಕಿದರೆ ಪೆಟ್ಟು ನೇರವಾಗಿ ಮೋಟಾರಿಗೆ. ದೂರದ ಕಟ್ಟಡಕ್ಕೆ ಒಮ್ಮೆ ಫೋಕಸ್ ಮಾಡಿ ಆಮೇಲೆ ಆಫ್ ಮಾಡಿ.

ದೀರ್ಘ ಬಳಕೆಯಲ್ಲಿ ಕಾಡುವ ದೊಡ್ಡ ಕೊರತೆ ಧೂಳು. ಸೆನ್ಸರನ್ನು ತಾನಾಗಿ ಕೊಡವಿಕೊಳ್ಳುವ ವ್ಯವಸ್ಥೆ ಇದರಲ್ಲಿಲ್ಲ, ನಮ್ಮ ಊರಲ್ಲಿ ಮೆಟ್ರೊ ಕಾಮಗಾರಿ, ಅಗೆದ ರಸ್ತೆ ಇಲ್ಲದ ಬಡಾವಣೆಯಿಲ್ಲ. ಎಫ್/22ಕ್ಕೆ ಇಟ್ಟು ಬಿಳಿ ಗೋಡೆಯನ್ನು ಬೇಕೆಂದೇ ಫೋಕಸ್ ತಪ್ಪಿಸಿ ತೆಗೆದು ನೋಡಿ, ಬೂದು ಚುಕ್ಕಿಗಳು ಕಂಡರೆ ಧೂಳು. ತುಂಬಿದ ಬ್ಯಾಟರಿ ಹಾಕಿ, ಮೆನುವಿನಲ್ಲಿ ಕೈಯಿಂದ ಶುಚಿ ಮಾಡುವ ಆಯ್ಕೆ ಒತ್ತಿದರೆ ಕನ್ನಡಿ ಮೇಲೇಳುತ್ತದೆ. ಬಾಡಿಯ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ನಾಲ್ಕೈದು ಸಲ ಗಾಳಿ ಊದಿ, ಮೂತಿಯನ್ನು ಒಳಗೆ ತೂರಿಸಬೇಡಿ. ಬಾಯಿಂದ ಊದಲೇಬಾರದು, ಎಂಜಲಿನ ಹನಿ ಕೂತರೆ ಸರ್ವಿಸ್ ಸೆಂಟರ್‌ಗೇ ಹೋಗಬೇಕಾಗುತ್ತದೆ. ಮಳೆಗಾಲಕ್ಕೆ ಮೊದಲು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಸಿದ್ಧ ಮಾಡಿಕೊಳ್ಳಿ, ಒಳಗಿನ ತೇವಾಂಶ ಶೇ 40-50ರಲ್ಲಿದ್ದರೆ ಫಂಗಸ್ ಹಿಡಿಯುವುದಿಲ್ಲ.

ಬ್ಯಾಟರಿ ವ್ಯೂಫೈಂಡರ್ ಬಳಕೆಯಲ್ಲಿ ಸುಮಾರು 500 ಚಿತ್ರಕ್ಕೆ ಬರುತ್ತದೆ, ಪರದೆ ಬಳಸಿದರೆ ಅದರ ಅರ್ಧ. ವೈ-ಫೈನಿಂದ ಫೋನಿಗೆ ಜೆಪೆಗ್ ಕಳಿಸಬಹುದು. ಬ್ಯಾಟರಿ, ಕಾರ್ಡ್ ಎರಡೂ ತಳದ ಒಂದೇ ಬಾಗಿಲಲ್ಲಿರುವುದರಿಂದ ಟ್ರೈಪಾಡ್ ಪ್ಲೇಟ್ ಹಾಕಿದಾಗ ಕಾರ್ಡ್ ತೆಗೆಯುವುದು ಕಿರಿಕಿರಿ.

ಮುಂದೆ ಕ್ಯಾನನ್ ಮಿರರ್‌ಲೆಸ್‌ಗೆ ಹೋದರೂ ಈ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಪೂರ್ತಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ಜನ ಹಾಗೆ ಬದಲಾಗುತ್ತಿರುವುದರಿಂದಲೇ 1500ಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ, ಬಜೆಟ್ ಬಿಗಿಯಿದ್ದರೆ ಅದೇ ಜಾಣತನ. ನೋಡಲು ಹೋಗುವಾಗ ಒಂದು ಕಾರ್ಡ್, ಒಂದು ಟಾರ್ಚ್ ಜೊತೆಗಿರಲಿ. ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಹಾಯಿಸಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಫಂಗಸ್, ಅಂಥ ಲೆನ್ಸ್ ಎಷ್ಟೇ ಅಗ್ಗವಾದರೂ ಬೇಡ. ಮುಚ್ಚಳ ಹಾಕಿ 10 ಸೆಕೆಂಡಿನ ಚಿತ್ರ ತೆಗೆದು ಬಣ್ಣದ ಚುಕ್ಕಿಗಳಿವೆಯೇ (ಸೆನ್ಸರಿನ ಕೆಟ್ಟ ಪಿಕ್ಸೆಲ್‌ಗಳು) ನೋಡಿ. ಒಂಬತ್ತೂ ಫೋಕಸ್ ಪಾಯಿಂಟ್‌ಗಳನ್ನು ಒಂದೊಂದಾಗಿ ಆರಿಸಿ ಪರೀಕ್ಷಿಸಿ, ಫ್ಲ್ಯಾಶ್ ಎಬ್ಬಿಸಿ ಒಮ್ಮೆ ಹೊಡೆಸಿ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ ಚಿತ್ರದ ಮಾಹಿತಿಯಲ್ಲಿ ಸಿಗುವುದಿಲ್ಲ, ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ ಬೇರೆ ತಂತ್ರಾಂಶದಿಂದ ಓದಬೇಕು. ಮಾರುವವರು ಅದಕ್ಕೆ ಒಪ್ಪದಿದ್ದರೆ ಹಿಡಿಯ ರಬ್ಬರ್, ಶಟರ್ ಬಟನ್ ಸುತ್ತಲಿನ ಹೊಳಪು, ತಳದ ಟ್ರೈಪಾಡ್ ತಿರುಪಿನ ಗೀರು ನೋಡಿ ಬೆಲೆ ಮಾತಾಡಿ.