ಮಗಳ ಹೆಸರಿನ ಜೊತೆ ಇನಿಷಿಯಲ್ಲೋ, ಅಜ್ಜಿಯ ಹೆಸರೋ?

ಮಗಳಿಗೆ ಇಂಚರ ಅಂತ ಇಡೋಣ ಅಂದುಕೊಂಡಿದ್ದೀರಿ. ಮುಂದೇನು ಸೇರಿಸುವುದು?

‘ಇಂಚರ ಎಂ.’ ಅಂತ ಇನಿಷಿಯಲ್ ಹಾಕಿದರೆ ಬರೆಯಲು ಸುಲಭ, ಶಾಲೆಯಲ್ಲೂ ತಕರಾರಿಲ್ಲ. ತೊಂದರೆ ಶುರುವಾಗುವುದು ಪಾಸ್‌ಪೋರ್ಟ್ ಅರ್ಜಿಯಲ್ಲಿ. ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಬರೀ ‘ಇಂಚರ’ ಅಂತ ಬಿಟ್ಟರೂ ಕಷ್ಟವೇ. ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರಿದ್ದವರ ಪ್ರವಾಸಿ ವೀಸಾಕ್ಕೆ ಯುಎಇ 2022ರ ನವೆಂಬರ್‌ನಲ್ಲಿ ತಡೆ ಹಾಕಿತು.

ನನ್ನ ಮತ ‘ಇಂಚರ ಸರೋಜ ಮಹೇಶ್’ ಕಡೆಗೆ. ಅಜ್ಜಿ ನಡುವೆ, ಅಪ್ಪ ಕೊನೆಗೆ. ಅಪ್ಪನ ಹೆಸರು ಹೇಗೂ ಎಲ್ಲ ಕಾಗದದಲ್ಲೂ ಇರುತ್ತದೆ, ಅಜ್ಜಿಯದು ಎಲ್ಲಿ ಉಳಿಯುತ್ತದೆ ಹೇಳಿ? ಅದಕ್ಕೇ ನನಗೆ ಇದು ತುಂಬಾ ಇಷ್ಟ. ಆದರೆ ಮೊದಲ ಹೆಸರು ಐಶ್ವರ್ಯಲಕ್ಷ್ಮಿಯಂತೆ ಉದ್ದವಿದ್ದರೆ ಅನ್ನಪೂರ್ಣೇಶ್ವರಿಯಂಥ ಉದ್ದದ ಅಜ್ಜಿ ಹೆಸರನ್ನು ಸೇರಿಸಬೇಡಿ. ಅರ್ಜಿಯ ಚೌಕಗಳಲ್ಲಿ ಹಿಡಿಸುವುದು ಕಷ್ಟ.

ಗಡಿಬಿಡಿ ಬೇಡ. ಜನನ ನೋಂದಣಿಯಾದ ಮೇಲೆ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು.