ಮಳೆ ಬಿಟ್ಟಿತೆಂದು ಮಲ್ಲಿಗೆ ಬುಡಕ್ಕೆ ಹಸಿ ಗೊಬ್ಬರ ಸುರಿಯಬೇಡಿ

ನವರಾತ್ರಿ ಹೊತ್ತಿಗೆ ಉಡುಪಿ ಕಡೆ ನಾಲ್ಕು ದಿನ ಬಿಸಿಲು ಕಂಡರೆ ಸಾಕು, ಮಲ್ಲಿಗೆ ಬುಡ ಬಿಡಿಸಿ ಗೊಬ್ಬರ ಕೊಡುವ ಅವಸರ ಶುರು. ಕಟಪಾಡಿ ಬದಿಯ ಒಂದು ಹಿತ್ತಲಲ್ಲಿ ಈ ಅವಸರಕ್ಕೆ ಎಂಟು ಗಿಡಗಳಲ್ಲಿ ಐದು ಹೋದವು.

ಪಿಕಪ್‌ನಲ್ಲಿ ಬಂದ ಹಟ್ಟಿಗೊಬ್ಬರವನ್ನು ಕೊಟ್ಟವರು "ಹಳತು" ಎಂದಿದ್ದರು. ಮೇಲಿನ ಅರ್ಧ ಅಡಿ ಹಳತೇ, ಪುಡಿಪುಡಿ. ಒಳಗೆ ಹಸಿ ಸಗಣಿ, ಕರಗದ ಬೈಹುಲ್ಲು. ಅದನ್ನು ಗಿಡಕ್ಕೆ ಎರಡು ಬುಟ್ಟಿಯಂತೆ ಕಾಂಡಕ್ಕೆ ತಾಗಿಸಿಯೇ ಸುರಿದು, ಅದೇ ದಿನ ಸುಣ್ಣ, ಯೂರಿಯಾ ಎರಚಿ, ಮೇಲೆ ಕೆಂಪುಮಣ್ಣು ಏರಿಸಿದ್ದಾಯಿತು. ಮೂರನೇ ಸಂಜೆಯಿಂದ ಗುಡುಗು ಮಳೆ, ವಾರವಿಡೀ. ಹಿಂಗಾರು ಇನ್ನೂ ಬಾಕಿ ಇದ್ದದ್ದು ಯಾರಿಗೂ ನೆನಪಿರಲಿಲ್ಲ.

ಎಲೆ ಹಳದಿಯಾಗಿ ಜೋತಾಗ ನೀರು ಸಾಲದೆಂದು ಇನ್ನಷ್ಟು ನೀರು ಬಿತ್ತು. ಕೊನೆಗೆ ಮಣ್ಣು ಸರಿಸಿದರೆ ಕಾಂಡದ ಬುಡದಲ್ಲಿ ಹತ್ತಿಯಂಥ ಬಿಳಿ ಬೂಷ್ಟು, ಅದರ ನಡುವೆ ಸಾಸಿವೆಯಷ್ಟೇ ಗಾತ್ರದ ಕಂದು ಕಾಳುಗಳು. ಬುಡ ಕೊಳೆಸುವ ಸ್ಕ್ಲೆರೋಷಿಯಂ ಶಿಲೀಂಧ್ರದ ಗುರುತು ಇದೇ. ಕೊಳೆಯದ ಸಗಣಿ, ಹುಲ್ಲು ಅದಕ್ಕೆ ಊಟ. ಅಲ್ಲಿ ಬಲಿತು ಕಾಂಡಕ್ಕೆ ಹತ್ತುತ್ತದೆ. ಹಸಿ ಗೊಬ್ಬರದ ಕಾವಿಗೆ ಬೇರು ಮೊದಲೇ ಸುಟ್ಟಿರುತ್ತದೆ. ಇನ್ನು ಸುಣ್ಣ ಮತ್ತು ಯೂರಿಯಾ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಹೊಡೆಯುವ ಆ ವಾಸನೆ, ಕೊಟ್ಟ ದುಡ್ಡಿನದ್ದು.

ಲೋಡು ಇಳಿಸುವ ಮೊದಲೇ ರಾಶಿಯ ನಡುವಿಗೆ ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡಿ. ಬಿಸಿ ಇದ್ದರೆ ವಾಪಸ್ ಕಳುಹಿಸಿ. ಕಳಿತ ಗೊಬ್ಬರ ಮುಷ್ಟಿಯಲ್ಲಿ ಹಿಡಿದರೆ ಉದುರುತ್ತದೆ, ಮಣ್ಣಿನ ವಾಸನೆ ಇರುತ್ತದೆ. ತೆಂಗು ಇರುವವರು ಹಸಿ ರಾಶಿಯನ್ನು ತಿಂಗಳುಗಟ್ಟಲೆ ಹಾಗೇ ಬಿಡಲೂ ಬಾರದು, ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಅದರಲ್ಲೇ ಮರಿ ಮಾಡುತ್ತದೆ.

ನಮ್ಮ ಮುರ (ಜಂಬಿಟ್ಟಿಗೆ) ಮಣ್ಣು ಹುಳಿ, ಸುಣ್ಣ ಬೇಕು ನಿಜ. ಆದರೆ ಮೊದಲು ಸುಣ್ಣ, ಎರಡು ವಾರ ಕಳೆದು ಗೊಬ್ಬರ. ದೊಡ್ಡ ಗಿಡಕ್ಕೆ ಕಳಿತದ್ದು 10 ಕಿಲೋ, ಕಾಂಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ. ಬುಡದಲ್ಲಿ ನೀರು ನಿಲ್ಲದಂತೆ ಕಣಿ ಬಿಡಿಸುವ ಕೆಲಸ ಇವೆಲ್ಲದಕ್ಕೂ ಮುಂಚೆ ಆಗಬೇಕು.

ರೋಗ ಕಂಡಿತೆಂದರೆ ಬುಡದ ಗೊಬ್ಬರ ಪೂರ್ತಿ ತೆಗೆದು, ಕಾಂಡಕ್ಕೆ ಗಾಳಿಯಾಡಲು ಬಿಟ್ಟು, ಲೀಟರ್ ನೀರಿಗೆ 2.5 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ ಬುಡ ನೆನೆಯುವಂತೆ ಹೊಯ್ಯಿರಿ. ಆ ಹಿತ್ತಲಲ್ಲಿ ಇನ್ನೊಂದು ತಪ್ಪೂ ಆಗಿತ್ತು: ಇಂದು ತಾಮ್ರದ ಔಷಧ, ನಾಳೆ ಟ್ರೈಕೋಡರ್ಮ. ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮವೂ ಶಿಲೀಂಧ್ರವೇ, ತಾಮ್ರ ಅದನ್ನೂ ಕೊಲ್ಲುತ್ತದೆ. ಕನಿಷ್ಠ 15 ದಿನ ಬಿಡಿ. ಅಷ್ಟರಲ್ಲಿ 100 ಕಿಲೋ ಕಳಿತ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮ ಬೆರೆಸಿ, ನೆರಳಲ್ಲಿ ತೇವ ಆರದಂತೆ ಗೋಣಿ ಮುಚ್ಚಿಟ್ಟರೆ ಅದೂ ತಯಾರಾಗಿರುತ್ತದೆ.

ಸತ್ತ ಗಿಡವನ್ನು ಬೇರುಸಹಿತ ಕಿತ್ತು ಸುಡಿ, ಗೊಬ್ಬರ ಗುಂಡಿಗೆ ಬೇಡ. ಆ ಸಾಸಿವೆ ಕಾಳುಗಳು ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತವೆ, ಹಾಗಾಗಿ ಅದೇ ಹೊಂಡಕ್ಕೆ ಮತ್ತೆ ಮಲ್ಲಿಗೆ ನೆಡಬೇಡಿ.